ಫೇರ್ ಕ್ಯಾಚ್ ಕಿಕ್ಕೋ, ಮಾಮೂಲಿ ಫೀಲ್ಡ್ ಗೋಲೋ?

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಪಂದ್ಯ. ಎದುರಾಳಿಯ 47 ಗಜದ ಗೆರೆಯಲ್ಲಿ ಚೆಂಡು, ಅರ್ಧದಾಟಕ್ಕೆ ಕೆಲವೇ ಸೆಕೆಂಡು. ಮಾಮೂಲಿ ಫೀಲ್ಡ್ ಗೋಲಿಗೆ (ಗೋಲ್ ಕಂಬಗಳ ನಡುವೆ ಚೆಂಡು ಒದ್ದರೆ 3 ಅಂಕ) ಸ್ನ್ಯಾಪ್, ಅಂದರೆ ಚೆಂಡನ್ನು ಕಾಲ ನಡುವಿನಿಂದ ಹಿಂದಕ್ಕೆ ಕೊಡುವುದು, ಬೇಕು. ಚೆಂಡು 7-8 ಗಜ ಹಿಂದೆ ಹೋಗುತ್ತದೆ, ಗೋಲ್ ಕಂಬ ಗೋಲ್ ಗೆರೆಯಿಂದ ಇನ್ನೂ 10 ಗಜ ಹಿಂದಿರುವುದರಿಂದ ದೂರ 64-65 ಗಜವಾಗುತ್ತದೆ. ಅಡ್ಡಗಟ್ಟಲು ನುಗ್ಗುವವರೂ ಇರುತ್ತಾರೆ.

ಪಂಟನ್ನು (ಎದುರಾಳಿ ದೂರಕ್ಕೆ ಒದ್ದ ಚೆಂಡನ್ನು) ಫೇರ್ ಕ್ಯಾಚ್ ಮಾಡಿದ್ದರೆ, ಅಂದರೆ ಓಡುವುದಿಲ್ಲವೆಂದು ಕೈಸನ್ನೆ ಮಾಡಿ ಹಿಡಿದಿದ್ದರೆ, ಲೆಕ್ಕವೇ ಬೇರೆ: ಫೇರ್ ಕ್ಯಾಚ್ ಕಿಕ್ ಆರಿಸಿಕೊಳ್ಳಬಹುದು. ಅದೇ ಜಾಗದಿಂದ 57 ಗಜ, ಸ್ನ್ಯಾಪ್ ಇಲ್ಲ, ಎದುರಾಳಿಗಳು 10 ಗಜ ಆಚೆ. ಸಮಯ ಮುಗಿದಿದ್ದರೂ ಒಂದು ಒದೆತ ಸಿಗುತ್ತದೆ. ಚೆಂಡು ನಿಲ್ಲಿಸುವ ಟೀ ಮಾತ್ರ ಇಡುವಂತಿಲ್ಲ, ಸಾಮಾನ್ಯವಾಗಿ ಹೋಲ್ಡರ್ ಎಂಬ ಸಹ ಆಟಗಾರ ಚೆಂಡನ್ನು ನೆಲದ ಮೇಲೆ ಹಿಡಿಯುತ್ತಾನೆ. 2024ರ ಡಿಸೆಂಬರ್‌ನಲ್ಲಿ ಚಾರ್ಜರ್ಸ್ ತಂಡದ ಕಿಕ್ಕರ್ ಕ್ಯಾಮರಾನ್ ಡಿಕರ್ ಹೀಗೇ ಗಳಿಸಿದರು. 1976ರ ನಂತರ ಅದೇ ಮೊದಲು.

ಚೆಂಡು ಗಿಡ್ಡವಾಗಿ ಬಿದ್ದರೆ ಎದುರಾಳಿ ಎತ್ತಿಕೊಂಡು ಓಡಬಹುದು. ಗುರಿ ತಪ್ಪಿದರೆ ಒದ್ದ ಜಾಗದಲ್ಲೇ ಚೆಂಡು ಅವರಿಗೆ. 40 ಸೆಕೆಂಡು ಉಳಿದಿದ್ದರೆ ದುಬಾರಿ. ನಾಲ್ಕು ಅಂಕ ಹಿಂದಿದ್ದು ಪಂದ್ಯವೇ ಮುಗಿಯುತ್ತಿದ್ದರೆ ಎರಡೂ ಬೇಡ, ಉದ್ದ ಪಾಸೇ ಗತಿ. ಕಾಲೇಜು ಫುಟ್‌ಬಾಲ್‌ನಲ್ಲಂತೂ ಈ ನಿಯಮವೇ ಇಲ್ಲ.