ನಾಲ್ಕು ವರ್ಷ ಡ್ರಾ.ಐಓದಲ್ಲಿ ಆರ್ಗ್ ಚಾರ್ಟ್: ಚಿತ್ರಕ್ಕಿಂತ ಮುಂಚೆ ಮ್ಯಾನೇಜರ್ ಕಾಲಂ ನೋಡಿ

ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಪೇರೋಲ್ ಡೇಟಾಬೇಸ್ ನೋಡಿಕೊಳ್ಳುವುದೂ ನನ್ನ ಪಾಲಿಗೇ ಬಂದಿದೆ. ಬೈಯರ್ ಕಡೆಯಿಂದ ಆಡಿಟ್‌ಗೆ ಬಂದವರು ಕೇಳುವ ಕಾಗದಗಳಲ್ಲಿ ಆರ್ಗ್ ಚಾರ್ಟ್ ಇದ್ದೇ ಇರುತ್ತದೆ. ಯಾರ ಕೈಕೆಳಗೆ ಯಾರು, ಅಷ್ಟೇ. ಮೊದಲು ಅದನ್ನು ಪವರ್‌ಪಾಯಿಂಟ್‌ನಲ್ಲಿ ಒಂದೊಂದೇ ಪೆಟ್ಟಿಗೆ ಎಳೆದು ಮಾಡುತ್ತಿದ್ದೆವು. ಆಡಿಟ್‌ಗೆ ಎರಡು ದಿನ ಇರುವಾಗ ಒಬ್ಬ ಫ್ಲೋರ್ ಇನ್‌ಚಾರ್ಜ್ ಬದಲಾದರೆ ಸಾಕು, ರಾತ್ರಿ ಎಂಟರವರೆಗೆ ಕೂತು ಗೆರೆ ಸರಿ ಮಾಡಬೇಕಿತ್ತು.

ಆಮೇಲೆ ತಿಂಗಳ ಬಾಡಿಗೆಯ ಒಂದು ಆನ್‌ಲೈನ್ ಸೇವೆ ತೆಗೆದುಕೊಂಡೆವು. ಹೆಸರು ಬೇಡ. ಚಾರ್ಟ್ ನೋಡಲು ಬಹಳ ಚೆನ್ನಾಗಿತ್ತು, ಫೋಟೋ ಸಮೇತ ಬರುತ್ತಿತ್ತು. ವರ್ಷ ಮುಗಿದು ದುಡ್ಡು ಕಟ್ಟುವುದು ನಿಲ್ಲಿಸಿದ ಮೇಲೆ ನಮ್ಮ ಕೈಯಲ್ಲಿ ಉಳಿದಿದ್ದು ಬರೀ ಚಿತ್ರಗಳು. ತಿದ್ದುವ ಹಾಗಿಲ್ಲ. ಅವತ್ತೇ ತೀರ್ಮಾನ ಮಾಡಿದೆ: ಮೂಲ ನಮ್ಮ ಡೇಟಾಬೇಸ್‌ನಲ್ಲೇ ಇರಬೇಕು, ಸಾಫ್ಟ್‌ವೇರ್ ಬಿಡಿಸಿಕೊಟ್ಟರೆ ಸಾಕು.

ಹಾಗೆ ಹುಡುಕುವಾಗ ಸಿಕ್ಕಿದ್ದು ಡ್ರಾ.ಐಓ (draw.io), ಚಾರ್ಟ್ ಬಿಡಿಸುವ ಸಾಫ್ಟ್‌ವೇರ್. ಉಚಿತ. ಕಂಪ್ಯೂಟರ್‌ಗೇ ಹಾಕಿಕೊಳ್ಳುವ ಡೆಸ್ಕ್‌ಟಾಪ್ ಆವೃತ್ತಿ ಇದೆ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಸಿಬ್ಬಂದಿಯ ಮಾಹಿತಿ ಹೊರಗಿನ ಸರ್ವರ್‌ಗೆ ಹೋಗುವುದಿಲ್ಲ ಎಂದು ಮ್ಯಾನೇಜ್‌ಮೆಂಟ್‌ಗೆ ಹೇಳಲು ನನಗೆ ಇದೇ ದೊಡ್ಡ ಬಲವಾಯಿತು. ಅದು ನೇರವಾಗಿ ಡೇಟಾಬೇಸ್‌ಗೆ ಕೈ ಹಾಕುವುದಿಲ್ಲ. ನಾವು ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್‌ನಿಂದ ಸಿಎಸ್‌ವಿ (ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಸಾದಾ ಪಟ್ಟಿ) ತೆಗೆದು, ಇನ್ಸರ್ಟ್ ಮೆನುವಿನ ಅಡ್ವಾನ್ಸ್ಡ್ ಒಳಗಿನ ಸಿಎಸ್‌ವಿ ಕಿಟಕಿಗೆ ಅಂಟಿಸಬೇಕು. ಮೇಲುಗಡೆ ಹ್ಯಾಶ್ ಗುರುತಿನಿಂದ ಶುರುವಾಗುವ ನಾಲ್ಕೈದು ಸಾಲುಗಳಲ್ಲಿ ಪೆಟ್ಟಿಗೆಯೊಳಗೆ ಏನು ಬರಬೇಕು, ಯಾವ ಕಾಲಂ ಯಾವುದಕ್ಕೆ ಸೇರಬೇಕು (ಇದೇ ಕನೆಕ್ಟ್ ಸಾಲು), ಎಷ್ಟು ಜಾಗ ಬಿಡಬೇಕು ಎಂದು ಬರೆಯಬೇಕು. ಮೊದಲ ಸಲ ನನಗೆ ಅರ್ಧ ದಿನ ಹಿಡಿಯಿತು. ಈಗ ಹತ್ತು ನಿಮಿಷ.

ಆ ಕಿಟಕಿಯಲ್ಲೇ ಒಂದು ಮಾದರಿ ಇರುತ್ತದೆ. ಅದನ್ನು ಹಾಗೇ ನಕಲು ಮಾಡಬೇಡಿ. ಅದರಲ್ಲಿ ಮ್ಯಾನೇಜರ್ ಕಾಲಂ ಹೆಸರಿನ ಕಾಲಂಗೆ ಸೇರುತ್ತದೆ. ನಮ್ಮಲ್ಲಿ ಮಂಜುನಾಥ ಎನ್ನುವವರೇ ನಾಲ್ಕು ಜನ. ಒಬ್ಬರ ಇನಿಷಿಯಲ್ ಮುಂದೆ, ಇನ್ನೊಬ್ಬರದು ಹಿಂದೆ, ಮತ್ತೊಬ್ಬರಿಗೆ ಚುಕ್ಕಿ ಇಲ್ಲ. ಹೆಸರು ನೋಡಿ ಗೆರೆ ಎಳೆಸಿದರೆ ಸ್ಟೋರ್‌ನ ಹುಡುಗರು ಫಿನಿಶಿಂಗ್ ಮಂಜುನಾಥರ ಕೆಳಗೆ ಹೋಗಿ ಕೂರುತ್ತಾರೆ. ಮ್ಯಾನೇಜರ್ ಕಾಲಂನಲ್ಲಿ ಎಂಪ್ಲಾಯಿ ಐಡಿ ಇಡಿ, ಕನೆಕ್ಟ್ ಸಾಲಿನಲ್ಲಿ ಐಡಿಗೇ ಸೇರಿಸಿ. ನೀವು ಯಾವ ಸಾಫ್ಟ್‌ವೇರ್ ನೋಡಿದರೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಇದು ಐಡಿ ಹಿಡಿದು ಜೋಡಿಸುತ್ತದಾ, ಹೆಸರು ಹಿಡಿದಾ? ಗೂಗಲ್ ಶೀಟ್ಸ್‌ನಲ್ಲೂ ಆರ್ಗ್ ಚಾರ್ಟ್ ಇದೆ. ಮೊದಲ ಕಾಲಂ ವ್ಯಕ್ತಿ, ಎರಡನೆಯದು ಮೇಲಿನವರು. ಇಪ್ಪತ್ತು ಜನರ ಆಫೀಸ್‌ಗೆ ಅದು ಸಾಕು, ಸುಮ್ನೆ ಬೇರೆ ಹುಡುಕಬೇಡಿ.

ಎರಡನೇ ವರ್ಷದಲ್ಲಿ ಇನ್ನೊಂದು ಪಾಠವಾಯಿತು. ಆಪರೇಟರ್‌ಗಳನ್ನು ಬಿಟ್ಟು ಟೇಬಲ್‌ನಲ್ಲಿ 212 ಜನ. ಚಾರ್ಟ್‌ನಲ್ಲಿ ಎಣಿಸಿದರೆ 209. ಮೂರು ಜನ ಎಲ್ಲಿ ಹೋದರು? ಎರಡು ಸಲ ಎಣಿಸಿದೆ. ಕೊನೆಗೆ ಐಡಿ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯಿತು. ಒಂದು ವರ್ಗಾವಣೆ ಹಾಕುವಾಗ ಕಟಿಂಗ್ ಇನ್‌ಚಾರ್ಜ್ ಅವರ ಮೇಲಿನವರ ಜಾಗದಲ್ಲಿ ಅವರ ಅಸಿಸ್ಟೆಂಟ್‌ನ ಐಡಿ ಬಿದ್ದಿತ್ತು. ಅಸಿಸ್ಟೆಂಟ್ ಇನ್‌ಚಾರ್ಜ್‌ನ ಕೆಳಗೆ, ಇನ್‌ಚಾರ್ಜ್ ಅಸಿಸ್ಟೆಂಟ್‌ನ ಕೆಳಗೆ, ಅವರಡಿ ಒಬ್ಬ ಚೆಕರ್. ನನ್ನ ಕ್ವೆರಿ, ಅಂದರೆ ಡೇಟಾಬೇಸ್‌ನಿಂದ ಪಟ್ಟಿ ತೆಗೆಯಲು ಬರೆದ ಆದೇಶ, ಎಂಡಿಯಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಇಳಿಯುತ್ತದೆ. ಈ ಮೂವರು ತಮ್ಮೊಳಗೇ ಸುತ್ತುತ್ತಿದ್ದರಿಂದ ಎಂಡಿಯಿಂದ ಹೊರಟ ಯಾವ ದಾರಿಯೂ ಅವರನ್ನು ಮುಟ್ಟಲಿಲ್ಲ. ಎರರ್ ಕೂಡ ಬರಲಿಲ್ಲ. ಕೆಳಗಿನಿಂದ ಮೇಲಕ್ಕೆ ಹತ್ತುವ ಕ್ವೆರಿ ಬರೆದಿದ್ದರೆ ಮೈಎಸ್‌ಕ್ಯೂಎಲ್ 1000 ಸುತ್ತಾದ ಮೇಲೆ ನಿಲ್ಲಿಸಿ ತಪ್ಪು ತೋರಿಸುತ್ತಿತ್ತು. ಈಗ ಪ್ರತಿ ಸಲ ಎರಡೂ ಕಡೆಯ ಎಣಿಕೆ ತಾಳೆ ನೋಡಿಯೇ ಸಿಎಸ್‌ವಿ ತೆಗೆಯುತ್ತೇನೆ. ಅಂದ ಹಾಗೆ, ಇಂಥ ಕ್ವೆರಿ ಮೈಎಸ್‌ಕ್ಯೂಎಲ್‌ಗೆ ಬಂದಿದ್ದು 2018ರ 8.0 ಆವೃತ್ತಿಯಿಂದ. ನಿಮ್ಮಲ್ಲಿ ಅದಕ್ಕಿಂತ ಹಳೆಯದಿದ್ದರೆ ಮೊದಲು ಅದನ್ನು ಬದಲಿಸಿ.

ಕ್ವಾಲಿಟಿಯವರದು ನಮ್ಮಲ್ಲಿ ಎರಡು ದೋಣಿಯ ಪಯಣ. ಹಾಜರಿ, ರಜೆ ಎಲ್ಲ ಫ್ಯಾಕ್ಟರಿ ಮ್ಯಾನೇಜರ್ ಕೈಯಲ್ಲಿ, ಕೆಲಸದ ಲೆಕ್ಕ ಹೆಡ್ ಆಫೀಸ್‌ಗೆ. ಡ್ರಾ.ಐಓದಲ್ಲಿ ಎರಡನೇ ಕನೆಕ್ಟ್ ಸಾಲು ಬರೆದು ಅದಕ್ಕೆ ಚುಕ್ಕಿ ಗೆರೆ ಕೊಡಬಹುದು. ಆಡಿಟ್‌ಗೆ ಬಂದವರು ಇದನ್ನು ನೋಡಿ ಮರುಪ್ರಶ್ನೆ ಕೇಳಲಿಲ್ಲ. ನನಗೆ ತುಂಬಾ ಸಮಾಧಾನವಾದ ದಿನ ಅದು.

ಮೈಕ್ರೋಸಾಫ್ಟ್‌ನ ವಿಸಿಯೋ ಬಗ್ಗೆಯೂ ಹೇಳಬೇಕು. ಅದರ ಆರ್ಗ್ ಚಾರ್ಟ್ ವಿಜಾರ್ಡ್ ಎಕ್ಸೆಲ್ ಜೊತೆಗೆ ಓಡಿಬಿಸಿ ಎಂಬ ಸಂಪರ್ಕ ವ್ಯವಸ್ಥೆಯ ಮೂಲಕ ಡೇಟಾಬೇಸನ್ನೂ ಓದುತ್ತದೆ. ದೊಡ್ಡ ಚಾರ್ಟನ್ನು ತಾನೇ ಹಲವು ಪುಟಗಳಿಗೆ ಹಂಚಿ, ಪುಟದಿಂದ ಪುಟಕ್ಕೆ ಕೊಂಡಿ ಹಾಕುತ್ತದೆ. ಸಾವಿರಾರು ಜನರ ಕಂಪನಿಯಾಗಿ, ಎಲ್ಲರ ಹತ್ತಿರ ವಿಂಡೋಸ್ ಇದ್ದು, ಲೈಸೆನ್ಸ್‌ಗೆ ದುಡ್ಡಿದ್ದರೆ ಅದನ್ನೇ ತೆಗೆದುಕೊಳ್ಳಿ. ನಾನು ಈ ಹಂಚಿಕೆಯನ್ನು ಕ್ವೆರಿಯಲ್ಲೇ ಮಾಡುತ್ತೇನೆ, ವಿಭಾಗಕ್ಕೊಂದು ಪುಟ. 212 ಪೆಟ್ಟಿಗೆ ಒಂದೇ ಹಾಳೆಗೆ ತುಂಬಿದರೆ ಯಾವ ಸಾಫ್ಟ್‌ವೇರ್ ಆದರೂ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ, ಅಲ್ವಾ?

ಇನ್ನೊಂದು, ಮೇಲಿಂದ ಕೆಳಗೇ ಬರಬೇಕು ಎಂಬ ನಿಯಮವಿಲ್ಲ. 1855ರಲ್ಲಿ ಅಮೆರಿಕದ ನ್ಯೂಯಾರ್ಕ್ ಅಂಡ್ ಈರಿ ರೈಲ್ವೆಗಾಗಿ ಡೇನಿಯಲ್ ಮೆಕ್ಯಾಲಮ್ ಮಾಡಿಸಿದ ಚಾರ್ಟನ್ನೇ ಮೊದಲ ಆರ್ಗ್ ಚಾರ್ಟ್ ಎನ್ನುತ್ತಾರೆ. ಅದರಲ್ಲಿ ಆಡಳಿತ ಮಂಡಳಿ ಬುಡದಲ್ಲಿದೆ, ಉಳಿದವರೆಲ್ಲ ಕೊಂಬೆಗಳ ಹಾಗೆ ಮೇಲಕ್ಕೆ ಹಬ್ಬಿದ್ದಾರೆ. ನಮ್ಮಲ್ಲಿ ಹುದ್ದೆಗಳ ಹೆಸರು ಉದ್ದ, ಅದಕ್ಕೆ ನಾನು ಎಡದಿಂದ ಬಲಕ್ಕೆ ಇಟ್ಟಿದ್ದೇನೆ. ಲೇಔಟ್ ಸಾಲಿನಲ್ಲಿ ಒಂದು ಪದ ಬದಲಿಸಿದರಾಯಿತು.

ಕನ್ನಡ ಹೆಸರುಗಳು ಸರಿಯಾಗಿ ಬರುತ್ತವೆ. ಎಕ್ಸೆಲ್‌ನಿಂದ ಸಿಎಸ್‌ವಿ ಮಾಡುವುದಾದರೆ ಯುಟಿಎಫ್-8 ಎಂದಿರುವುದನ್ನೇ ಆರಿಸಿ, ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳು ಬರುತ್ತವೆ. ಪ್ರತಿ ತಿಂಗಳು ಹೊಸ ಫೈಲ್‌ನಲ್ಲೇ ತೆಗೆಯುತ್ತೇನೆ, ಕೆಲಸ ಬಿಟ್ಟವರ ಪೆಟ್ಟಿಗೆ ಉಳಿಯುವ ಭಯವಿಲ್ಲ. ಹೊಲಿಗೆ ಫ್ಲೋರ್‌ನ ಪುಟವನ್ನು ಕನ್ನಡದಲ್ಲಿ ಎ3 ಹಾಳೆಗೆ ಪ್ರಿಂಟ್ ಹಾಕಿ ನೋಟಿಸ್ ಬೋರ್ಡ್‌ಗೆ ಅಂಟಿಸುತ್ತೇವೆ. ಹೋದ ತಿಂಗಳು ಒಬ್ಬ ಟೈಲರ್ ಅಕ್ಕ ಊಟದ ಹೊತ್ತಿನಲ್ಲಿ ಬಂದು, "ಮೇಡಂ, ಏಳನೇ ಲೈನ್‌ಗೆ ಈಗ ಬೇರೆ ಸೂಪರ್‌ವೈಸರ್ ಬಂದಿದ್ದಾರೆ, ಬೋರ್ಡಲ್ಲಿ ಹಳೇ ಹೆಸರೇ ಇದೆ" ಎಂದರು. ಟೇಬಲ್‌ನಲ್ಲಿ ಒಂದು ಐಡಿ ತಿದ್ದಿದೆ. ಮೂರು ಗಂಟೆಯ ಟೀ ಬ್ರೇಕ್ ಹೊತ್ತಿಗೆ ಬೋರ್ಡ್ ಮೇಲೆ ಹೊಸ ಹಾಳೆ ಇತ್ತು.