ಸೇವೆಗೆ ಮಕ್ಕಳನ್ನೂ ಕರೆದುಕೊಂಡು ಹೋಗೋದಾ, ಒಬ್ಬರು ಮನೆಯಲ್ಲಿ ನಿಲ್ಲೋದಾ?

ಸುವಾರ್ತೆ ಸಾರಲು ಊರೂರು ತಿರುಗುವ ದಂಪತಿಗೆ ಮಗು ಹುಟ್ಟಿದ ಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ.

ಒಟ್ಟಿಗೆ ಹೋದರೆ ಮಗು ಅಪ್ಪನ ಮುಖ ಮರೆಯಲ್ಲ. 5 ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಕೇಳದಿದ್ದರೆ ರೈಲು ಟಿಕೆಟ್ಟೂ ಬೇಡ. ಕಷ್ಟ ಇರುವುದು ರಾತ್ರಿ ಕೂಟಗಳಲ್ಲಿ. ಬೀದರ್ ಕಡೆಯ ಒಂದು ಕೂಟದಲ್ಲಿ ನಮ್ಮ ಎರಡು ವರ್ಷದ ಮಗಳು ಸ್ಪೀಕರ್ ಸದ್ದಿಗೆ ಬೆಚ್ಚಿಬಿದ್ದಳು. ಹತ್ತೂವರೆಗೆ ಜಮಖಾನದ ಮೇಲೆ ಮಲಗಿದಾಗಲೂ ನನ್ನ ಸೆರಗು ಬಿಟ್ಟಿರಲಿಲ್ಲ. ಊರು ಬದಲಾದರೆ ನೀರೂ ಬದಲು, ಹೊಟ್ಟೆ ಕೆಡುತ್ತದೆ. 9 ತಿಂಗಳಿಗೆ ಹಾಕಿಸುವ ದಡಾರ-ರುಬೆಲ್ಲಾ ಲಸಿಕೆ ಮಾತ್ರ ತಪ್ಪಬಾರದು. ತಾಯಿ ಕಾರ್ಡ್ ಬ್ಯಾಗಿನಲ್ಲೇ ಇರಲಿ.

ಮನೆಯಲ್ಲಿ ನಿಂತರೆ ನಿದ್ದೆ, ಊಟ, ಅಂಗನವಾಡಿ ಎಲ್ಲ ಹೊತ್ತಿಗೆ ಸರಿಯಾಗಿ ನಡೆಯುತ್ತದೆ. ಆದರೆ ಜ್ವರ ಬಂದ ರಾತ್ರಿ ನೀವೊಬ್ಬರೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯ ಪಾದ್ರಿಗಳಲ್ಲಿ ಮುಂದೆ ಎಷ್ಟೋ ಮಂದಿ ಮಕ್ಕಳನ್ನು ಓದಿಗೆಂದು ಯೂರೋಪಿಗೆ ಕಳಿಸಿ, ವರ್ಷಗಟ್ಟಲೆ ಅವರ ಮುಖ ನೋಡದೆ ಇದ್ದರು. ಅದನ್ನು ನೆನೆದರೆ ಈಗಲೂ ಕರುಳು ಚುರುಕ್ ಅನ್ನುತ್ತದೆ.

ನನ್ನನ್ನು ಕೇಳಿದರೆ, ಒಂದನೇ ಕ್ಲಾಸಿಗೆ ಸೇರುವ ತನಕ ಒಟ್ಟಿಗೇ ಹೋಗಿ, ಆದರೆ ತಿಂಗಳಿಗೆ ಒಂದೇ ಪ್ರವಾಸ. ಆಮೇಲೆ ಒಬ್ಬರು ಮನೆಯಲ್ಲಿ ನಿಲ್ಲಿ. ರಜೆಯಲ್ಲಿ ಮತ್ತೆ ಎಲ್ಲರೂ ಜೊತೆಗೆ ಹೊರಡಬಹುದು, ಅಲ್ವಾ?