ನಡಿಗೆ, ಗರಡಿ, ಜಿಮ್: ಅರವತ್ತರ ನಂತರ ಬಲ ಉಳಿಸುವುದು ಯಾವುದು?

ಮೂವತ್ತು ದಾಟಿದ ಮೇಲೆ ದಶಕಕ್ಕೆ ಸುಮಾರು ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ; ಅರವತ್ತರ ನಂತರ ಆ ವೇಗ ಇನ್ನೂ ಹೆಚ್ಚುತ್ತದೆ. ಇದಕ್ಕೆ ತಡೆಯೊಡ್ಡಲು ಹುಬ್ಬಳ್ಳಿ-ಧಾರವಾಡದ ನಿವೃತ್ತರು ಹಿಡಿಯುವ ದಾರಿಗಳಲ್ಲಿ ನಡಿಗೆ, ಗರಡಿಮನೆ ಮತ್ತು ಜಿಮ್ ಮೂರನ್ನೂ ನಾನು ತಿಂಗಳುಗಟ್ಟಲೆ ಮಾಡಿ ನೋಡಿದ್ದೇನೆ. ಅಳತೆಗೋಲು ಒಂದೇ: ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ನಿಲ್ಲುವುದು. ಏಷ್ಯಾದ ತಜ್ಞರ 2019ರ ಮಾನದಂಡದಂತೆ ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ದೇಹದ ಕ್ಷಮತೆ ಕುಂದಿದೆ ಎಂದರ್ಥ.

ಉಣಕಲ್ ಕೆರೆಯ ದಂಡೆಯ ನಡಿಗೆಯಿಂದ ಉಸಿರು ಹದವಾಯಿತು, ನಿದ್ದೆಯೂ ಸುಧಾರಿಸಿತು. ಕುರ್ಚಿಯ ಪರೀಕ್ಷೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಸಮತಟ್ಟಾದ ನೆಲದಲ್ಲಿ ಕಾಲಿಗೆ ನಿನ್ನೆಗಿಂತ ಹೆಚ್ಚಿನ ಭಾರ ಬೀಳುವುದೇ ಇಲ್ಲ. ನೃಪತುಂಗ ಬೆಟ್ಟದ ಏರು ಇದಕ್ಕಿಂತ ಮೇಲು, ಆದರೆ ಅದರಿಂದ ತೋಳಿಗೂ ಬೆನ್ನಿಗೂ ಏನೂ ದಕ್ಕದು.

ಗರಡಿಯ ಸಾಮಿನ ಬಗ್ಗೆ ನಮ್ಮ ಕಡೆಯವರಿಗೆ ಅಭಿಮಾನ ಹೆಚ್ಚು, ನನಗೂ ಇದೆ. ಕರೇಲಾ ಎಂಬ ಮರದ ಭಾರದ ಗದೆಯನ್ನು ತಿರುಗಿಸುವಾಗ ಅದು ತಲೆಯ ಹಿಂದೆ ಇಳಿದು ಬೆನ್ನನ್ನು ಬಳಸಿ ಮತ್ತೆ ಭುಜದ ಮೇಲೇರುವ ಹೊತ್ತಿಗೆ ಮುಂಗೈ, ಹಿಡಿತ, ಭುಜ, ಸೊಂಟ ಎಲ್ಲವೂ ಒಟ್ಟಿಗೆ ದುಡಿಯುತ್ತವೆ. ಜಿಮ್ಮಿನ ಯಾವ ಒಂದು ಯಂತ್ರದಲ್ಲಿಯೂ ಈ ಸೊಗಸನ್ನು ನಾನು ಕಾಣಲಿಲ್ಲ. ತೊಡಕಿರುವುದು ದಂಡ ಮತ್ತು ಬಸ್ಕಿಯಲ್ಲಿ. ದಂಡ ಹೊಡೆಯುವಾಗ ಮೈತೂಕದ ಸುಮಾರು ಮೂರನೇ ಎರಡು ಭಾಗ ಅಂಗೈಗಳ ಮೇಲೆ ಬೀಳುತ್ತದೆ, 65 ಕೆ.ಜಿ. ತೂಗುವವನಿಗೆ ಅದು 40 ಕೆ.ಜಿ.ಗೂ ಮಿಕ್ಕಿದ ಭಾರ, ಹೊಸಬನಿಗೆ ಮೊದಲ ದಿನವೇ ಅಷ್ಟು. ಕಟ್ಟೆಗೆ ಕೈಯೂರಿ ಹೊಡೆದರೆ ಭಾರ ತಗ್ಗುತ್ತದೆ, ಆದರೆ ಉಸ್ತಾದರಿಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಬಸ್ಕಿಯ ಸಮಸ್ಯೆ ಇದಕ್ಕೆ ವಿರುದ್ಧ: ಒಮ್ಮೆ ರೂಢಿಯಾದ ಮೇಲೆ ಭಾರ ಹೆಚ್ಚದೆ ಎಣಿಕೆ ಮಾತ್ರ ಹೆಚ್ಚುವುದರಿಂದ ದಮ್ಮು ಬೆಳೆಯುತ್ತದೆ, ಬಲ ಅಷ್ಟಾಗಿ ಬೆಳೆಯುವುದಿಲ್ಲ. ಜಾತ್ರೆಯ ಕುಸ್ತಿ ಹತ್ತಿರ ಬಂದರಂತೂ ಎಲ್ಲರ ಲಕ್ಷ್ಯ ಹುಡುಗರ ಮೇಲೆಯೇ ಇರುತ್ತದೆ.

ಜಿಮ್ಮಿನ ಗದ್ದಲದ ಹಾಡು ನನಗೆ ಇಂದಿಗೂ ಸೇರದು. ಆದರೂ ಕಾಲಿನಿಂದ ಒದೆಯುವ ಲೆಗ್ ಪ್ರೆಸ್ ಯಂತ್ರದಲ್ಲಿ ಪಿನ್ನನ್ನು ಒಂದು ತೂತು ಕೆಳಗಿಳಿಸಿದರೆ ಭಾರ ಎಷ್ಟು ಹೆಚ್ಚಿತೆಂಬುದು ಖಚಿತವಾಗಿ ತಿಳಿಯುತ್ತದೆ, ನೋವು ಬಂದರೆ ಅಷ್ಟನ್ನೇ ಹಿಂದಕ್ಕೆ ತೆಗೆದುಕೊಳ್ಳಬಹುದು. ವಯಸ್ಸಾದವರಿಗೆ ಬೇಕಾದದ್ದು ಈ ಹತೋಟಿಯೇ. ಡಂಬೆಲ್‌ಗಳಲ್ಲಿ ಮಾತ್ರ ಎಚ್ಚರ ಬೇಕು. ಅವು ಸಾಮಾನ್ಯವಾಗಿ 2.5 ಕೆ.ಜಿ. ಅಂತರದಲ್ಲಿರುತ್ತವೆ, 5ರಿಂದ 7.5ಕ್ಕೆ ಹೋಗುವುದೆಂದರೆ ಭಾರವನ್ನು ಒಮ್ಮೆಲೇ ಒಂದೂವರೆ ಪಟ್ಟು ಮಾಡಿದಂತೆ. ಆದ್ದರಿಂದ ಅದೇ ಭಾರವನ್ನು 8 ಸಲದಿಂದ 12 ಸಲದವರೆಗೆ ಎತ್ತಲು ಕಲಿತ ಮೇಲೆಯೇ ಮುಂದಿನದಕ್ಕೆ ಕೈ ಹಾಕುತ್ತೇನೆ. ಎತ್ತುವಾಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಏರುತ್ತದೆ, ಬಿ.ಪಿ. ಇದ್ದವರು ಉಸಿರು ಬಿಡುತ್ತಲೇ ಎತ್ತಬೇಕು. ಕುರ್ಚಿಯ ಪರೀಕ್ಷೆಯಲ್ಲಿ ನನಗೆ ಎದ್ದು ಕಾಣುವಷ್ಟು ಸುಧಾರಣೆ ಆದದ್ದು ಇಲ್ಲಿಯೇ.

ಒಂದನ್ನೇ ಆರಿಸಬೇಕಾದವರಿಗೆ ನಾನು ಜಿಮ್ಮನ್ನೇ ಹೇಳುತ್ತೇನೆ, ಅದೂ ದಿನವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೇಳುವುದು ವಾರಕ್ಕೆ ಕನಿಷ್ಠ ಎರಡು ದಿನದ ಬಲವರ್ಧಕ ವ್ಯಾಯಾಮವನ್ನು. ಆಹಾರದ ವಿಷಯದಲ್ಲಿ ಮೂರಕ್ಕೂ ಒಂದೇ ಮಾತು: ವಯಸ್ಸಾದವರಿಗೆ ಮೈತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಬೇಕು. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಇರುವುದು ಸುಮಾರು 10 ಗ್ರಾಂ. ರೊಟ್ಟಿಯ ಜೊತೆಗೆ ಮಡಕಿಕಾಳಿನ ಪಲ್ಯ, ಮೊಸರು, ಶೇಂಗಾ ಚಟ್ನಿ ಇದ್ದರೆ ಲೆಕ್ಕ ಕೂಡಿಬರುತ್ತದೆ; ರೊಟ್ಟಿಗೆ ಬರೀ ಬದನೆಕಾಯಿ ಪಲ್ಯವಾದರೆ ಕೂಡಿಬರುವುದಿಲ್ಲ.